ಸುಗ್ಗಿಯಿಂದ ಸುಗ್ಗಿಗೆ: ಕಡಿಮೆ ಹಣದಲ್ಲಿ ಮನೆಯ ಆಹಾರ ದಾಸ್ತಾನು

ಒಂದು ಕುಟುಂಬವು ತನ್ನ ಊಟಕ್ಕೆ ಬೇಕಾಗುವ ಧಾನ್ಯ, ಬೇಳೆಕಾಳು, ಎಣ್ಣೆ, ಉಪ್ಪು, ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ಮೊದಲಾದವನ್ನು ಆ ವಾರದ ಅಗತ್ಯಕ್ಕಿಂತ ಹೆಚ್ಚಾಗಿ ಕೂಡಿಸಿಟ್ಟು, ಕೆಡದಂತೆ ಕಾಪಾಡಿ, ಹಳೆಯದನ್ನು ಬಳಸುತ್ತ ಹೊಸದನ್ನು ತುಂಬುತ್ತ ಹೋಗುವ ವ್ಯವಸ್ಥೆಯೇ ಮನೆಯ ಆಹಾರ ದಾಸ್ತಾನು. ಈ ಮಾತು ಕೇಳಿದೊಡನೆ ಉಗ್ರಾಣ, ಅಟ್ಟ, ಕಣಜಗಳಿದ್ದ ದೊಡ್ಡ ಮನೆತನಗಳ ನೆನಪು ಬರುವುದರಿಂದ, ಇದು ಉಳ್ಳವರಿಗೆ ಸೇರಿದ ವಿಷಯವೆಂಬ ಭಾವನೆ ಬಹಳ ಮಂದಿಯಲ್ಲಿದೆ. ಆದರೆ ದಾಸ್ತಾನಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ದಿನಗೂಲಿಯ ಮನೆಗೆ. ಕೂಲಿಯ ಹಣ ಕೈಸೇರಿದ ಸಂಜೆ ಬೀದಿಯಂಗಡಿಯಲ್ಲಿ ಕಾಲು ಕಿಲೋ ಬೇಳೆ, ಒಂದು ಸಣ್ಣ ಪೊಟ್ಟಣ ಎಣ್ಣೆ, ಐವತ್ತು ಗ್ರಾಂ ಹುಣಸೆಹಣ್ಣು ಕೊಳ್ಳುವವರು, ಅದೇ ಪದಾರ್ಥವನ್ನು ಸುಗ್ಗಿಯಲ್ಲಿ ಚೀಲದ ಲೆಕ್ಕದಲ್ಲಿ ಕೊಳ್ಳುವವರಿಗಿಂತ ಪ್ರತಿ ಕಿಲೋಗೂ ಹೆಚ್ಚು ಬೆಲೆ ತೆರುತ್ತಾರೆ. ಕೆಲಸ ತಪ್ಪಿದ ವಾರದಲ್ಲಿ ಅವರಿಗೆ ಉಳಿಯುವ ದಾರಿಗಳೆಂದರೆ ಸಾಲ ಇಲ್ಲವೆ ಅರೆಹೊಟ್ಟೆ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳ ಪ್ರವಾಹ ಊರುಗಳನ್ನು ಸುತ್ತುವರಿದಾಗ, ಮನೆಯಲ್ಲಿ ಹದಿನೈದು ದಿನದ ಹಿಟ್ಟು, ಬೇಳೆ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂಬುದು ಲಕ್ಷಾಂತರ ಕುಟುಂಬಗಳ ಅನುಭವಕ್ಕೆ ಬಂದಿತು.

ಕರ್ನಾಟಕದ ಹಳ್ಳಿಗಳಿಗೆ ಈ ಎಚ್ಚರ ಹೊಸದಲ್ಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನೂ ಬಳ್ಳಾರಿಯನ್ನೂ ಮುಂಬಯಿ ಕರ್ನಾಟಕವನ್ನೂ ಹಿಂಡಿದ ಮಹಾಕ್ಷಾಮ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಧಾತು ಬರವೆಂದೇ ಹೆಸರಾಗಿ, ತಲೆಮಾರುಗಳವರೆಗೆ ಜನರ ಮಾತಿನಲ್ಲಿ ಉಳಿಯಿತು. ಮಳೆ ಎರಡು ವರ್ಷ ಕೈಕೊಡಬಹುದೆಂಬ ಭಯದಲ್ಲಿ ಬದುಕಿದ ಒಣಭೂಮಿಯ ರೈತರು ಕಟ್ಟಿಕೊಂಡ ಸಂಗ್ರಹದ ರೀತಿಗಳು ಹಲವು. ಬಿದಿರಿನಿಂದ ಹೆಣೆದು ಸಗಣಿ, ಮಣ್ಣು ಮೆತ್ತಿದ ಕಣಜ, ಸುಟ್ಟ ಮಣ್ಣಿನ ದೊಡ್ಡ ಗುಡಾಣ, ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಏರಿಸಿ ಕಟ್ಟಿದ ವಾಡೆ, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಹಲಗೆಯಿಂದ ಮಾಡಿದ ಪತ್ತಾಯ, ದಕ್ಷಿಣ ಕನ್ನಡದಲ್ಲಿ ಭತ್ತದ ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ, ಇವೆಲ್ಲ ಆಯಾ ನೆಲದ ಹವೆಗೂ ಅಲ್ಲಿ ಸಿಗುವ ಸಾಮಗ್ರಿಗೂ ತಕ್ಕಂತೆ ರೂಪುಗೊಂಡವು.

ಇವುಗಳಲ್ಲೆಲ್ಲ ಹೆಚ್ಚು ಗಮನಕ್ಕೆ ಅರ್ಹವಾದದ್ದು ಹಗೇವು. ನೀರು ಒಸರದ ಗಟ್ಟಿ ನೆಲದಲ್ಲಿ ಮನುಷ್ಯನೊಬ್ಬ ಇಳಿಯಬಹುದಾದಷ್ಟು ಕಿರಿದಾದ ಬಾಯಿಯನ್ನು ಬಿಟ್ಟು, ಒಳಗೆ ವಿಶಾಲವಾಗಿ ಅಗೆದ ನೆಲಮಾಳಿಗೆಯಂಥ ಗುಂಡಿಗೆ ಈ ಹೆಸರು. ಒಳಗೋಡೆಗೆ ಒಣಹುಲ್ಲನ್ನು ಹೊದಿಸಿ, ಚೆನ್ನಾಗಿ ಒಣಗಿದ ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಸಂದುಗಳಿಗೆ ಮಣ್ಣು ಮೆತ್ತಿ ಮುಚ್ಚಿಬಿಟ್ಟರೆ, ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಇದರ ಗುಟ್ಟು ಉಸಿರಾಟದಲ್ಲಿದೆ. ಧಾನ್ಯದ ಕಾಳು ಜೀವಂತ ವಸ್ತುವಾದುದರಿಂದ ಅದೂ, ಅದರೊಡನೆ ಸೇರಿಕೊಂಡ ಹುಳುವೂ, ಬೂಷ್ಟು ಎಂದು ಕರೆಯುವ ಶಿಲೀಂಧ್ರವೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿರುವ ಗಾಳಿಯ ಆಮ್ಲಜನಕವು ಹೀಗೆ ಖರ್ಚಾಗಿ, ಅದರ ಸ್ಥಾನವನ್ನು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಉಸಿರಿಗೆ ಗಾಳಿಯಿಲ್ಲದೆ ಹುಳು ಸಾಯುತ್ತದೆ, ಮೊಟ್ಟೆ ಒಡೆಯುವುದಿಲ್ಲ, ಬೂಷ್ಟು ಬೆಳೆಯುವುದಿಲ್ಲ. ನೆಲದ ಆಳದಲ್ಲಿ ಬೇಸಿಗೆಯ ಬಿಸಿ ತಾಗದಿರುವುದು ಇನ್ನೊಂದು ಅನುಕೂಲ. ಇದೇ ಕಾರಣಕ್ಕಾಗಿ ಹಗೇವನ್ನು ತೆರೆದ ಕೂಡಲೇ ಒಳಗಿಳಿಯುವುದು ಪ್ರಾಣಾಪಾಯದ ಕೆಲಸ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದೆ ಉರಿದ ಮೇಲೆಯೇ ಇಳಿಯಬೇಕೆಂಬ ಹಿರಿಯರ ಕಟ್ಟಳೆಯನ್ನು ಮೀರಿದವರು ಉಸಿರುಗಟ್ಟಿ ಸತ್ತದ್ದುಂಟು. ಬಿತ್ತನೆಯ ಬೀಜಕ್ಕೆ ಮೊಳೆಯುವ ಶಕ್ತಿ ಉಳಿಯಬೇಕಾದುದರಿಂದ ಅದನ್ನು ಹಗೇವಿಗೆ ಸೇರಿಸದೆ ಗುಡಾಣದಲ್ಲಿಯೋ ಒಣಗಿದ ಸೋರೆಬುರುಡೆಯಲ್ಲಿಯೋ ಪ್ರತ್ಯೇಕವಾಗಿ ಇಡುತ್ತಿದ್ದರು.

ನೀರಾವರಿ, ಮಾರುಕಟ್ಟೆ ಮತ್ತು ಪಡಿತರ ವ್ಯವಸ್ಥೆಗಳು ವಿಸ್ತರಿಸಿದ ಹಾಗೆ ಹಗೇವುಗಳು ಮುಚ್ಚಿಹೋದವು. ಅವು ಹೋದದ್ದಕ್ಕೆ ವ್ಯಥೆಪಡಬೇಕಾದ ಕಾರಣವಿಲ್ಲ, ಏಕೆಂದರೆ ಅವುಗಳ ಹಿಂದಿದ್ದ ಭಯ ಬಹುಮಟ್ಟಿಗೆ ಕಡಿಮೆಯಾಗಿದೆ. ವ್ಯಥೆಪಡಬೇಕಾದದ್ದು ಅವುಗಳ ಜೊತೆಗೆ ಒಣಗಿಸುವ, ಕೇರುವ, ಗಾಳಿಯಾಡದಂತೆ ಮುಚ್ಚುವ, ಸರದಿಯಂತೆ ಬಳಸುವ ತಿಳಿವಳಿಕೆಯೂ ಮರೆಯಾಗುತ್ತಿರುವುದಕ್ಕೆ. ಕಡಿಮೆ ಆದಾಯದ ಮನೆಗೆ ಇಂದು ಬೇಕಾಗಿರುವುದು ಆ ತಿಳಿವಳಿಕೆಯೇ, ಅದಕ್ಕೆ ತಗಲುವ ವೆಚ್ಚ ಬಹಳ ಅಲ್ಪ.

ಮೊದಲು ತಿಳಿಯಬೇಕಾದದ್ದು ತೇವದ ವಿಷಯ. ಅಂಗಡಿಯಲ್ಲಿ ಒಣಗಿದಂತೆ ಕಾಣುವ ಧಾನ್ಯದಲ್ಲಿಯೂ ನೀರಿನ ಅಂಶವಿರುತ್ತದೆ. ಅಕ್ಕಿ, ರಾಗಿ, ಜೋಳ, ಗೋಧಿಗಳಲ್ಲಿ ಅದು ನೂರಕ್ಕೆ 12ರ ಆಸುಪಾಸಿಗೆ, ಬೇಳೆಕಾಳುಗಳಲ್ಲಿ 10ರ ಒಳಗೆ, ಎಣ್ಣೆಯ ಅಂಶ ಹೆಚ್ಚಿರುವ ಶೇಂಗಾ, ಎಳ್ಳುಗಳಲ್ಲಿ 8ರ ಒಳಗೆ ಇಳಿದರೆ ಪದಾರ್ಥವು ತಿಂಗಳುಗಟ್ಟಲೆ ಬಾಳುತ್ತದೆ. ಅದಕ್ಕಿಂತ ಹೆಚ್ಚಾದರೆ ಕಾಳು ತಾನೇ ಬಿಸಿಯಾಗಿ, ಮುಗ್ಗುಲು ವಾಸನೆ ಹಿಡಿದು, ಬೂಷ್ಟು ಬರುತ್ತದೆ. ತೇವವನ್ನು ಅಳೆಯುವ ಯಂತ್ರ ಮನೆಗಳಲ್ಲಿ ಇರುವುದಿಲ್ಲ. ಕಾಳನ್ನು ಹಲ್ಲಿನಿಂದ ಕಡಿದಾಗ ಮೆತ್ತಗೆ ಜಜ್ಜಿಹೋಗದೆ ಕಟ್ಟೆಂದು ಒಡೆಯಬೇಕೆಂಬುದು ಹಳೆಯ ಪರೀಕ್ಷೆ. ಇದಕ್ಕಿಂತ ನಂಬಲರ್ಹವಾದ ಇನ್ನೊಂದು ಸುಲಭ ಪರೀಕ್ಷೆಯೂ ಇದೆ. ಒಣಗಿದ ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗದಷ್ಟು ಕಾಳನ್ನೂ ಎರಡು ಮೂರು ಚಮಚ ಚೆನ್ನಾಗಿ ಹುರಿದು ಆರಿಸಿದ ಉಪ್ಪನ್ನೂ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಅಲುಗಾಡಿಸಿ, ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡಿದ್ದರೆ ಕಾಳಿನ ತೇವ ನೂರಕ್ಕೆ 15ನ್ನು ಮೀರಿದೆಯೆಂದೂ, ಅದನ್ನು ಇನ್ನೂ ಒಣಗಿಸಬೇಕೆಂದೂ ಅರ್ಥ. ಉಪ್ಪು ಅಂಟದಿದ್ದರೂ ಒಂದು ಒಳ್ಳೆಯ ಬಿಸಿಲು ಕೊಡುವುದು ಕ್ಷೇಮ. ಬಿಸಿಲಿನಿಂದ ಎತ್ತಿದ ಕಾಳನ್ನು ಬಿಸಿಯಾಗಿರುವಾಗಲೇ ಡಬ್ಬಕ್ಕೆ ತುಂಬುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ರಾತ್ರಿಯ ತಂಪಿಗೆ ಡಬ್ಬದ ಗೋಡೆಯ ಮೇಲೆ ಹನಿಗಟ್ಟುವ ನೀರು, ಹಗಲಿಡೀ ಒಣಗಿಸಿದ ಶ್ರಮವನ್ನು ವ್ಯರ್ಥಗೊಳಿಸುತ್ತದೆ. ನೆರಳಿನಲ್ಲಿ ಹರಡಿ ಪೂರ್ಣ ಆರಿದ ಮೇಲೆಯೇ ತುಂಬಬೇಕು.

ಎರಡನೆಯದು ಹುಳು. ಮುಚ್ಚಿಟ್ಟ ಡಬ್ಬದಲ್ಲಿ ಹುಳು ಎಲ್ಲಿಂದ ಬಂದಿತೆಂದು ಅಚ್ಚರಿಪಡುವುದು ಸಾಮಾನ್ಯ. ಅಕ್ಕಿಯಲ್ಲಿ ಕಾಣುವ ಉದ್ದ ಸೊಂಡಿಲಿನ ಕಪ್ಪು ಮೂತಿಹುಳುವಿನ ಹೆಣ್ಣು, ಕಾಳಿನಲ್ಲಿ ಸಣ್ಣ ರಂಧ್ರ ಕೊರೆದು, ಮೊಟ್ಟೆಯಿಟ್ಟು, ಆ ರಂಧ್ರವನ್ನು ತನ್ನ ಅಂಟಿನಿಂದಲೇ ಮುಚ್ಚಿಬಿಡುತ್ತದೆ. ಹೊರಗೆ ಏನೂ ಕಾಣದ ಕಾಳಿನೊಳಗೆ ಮರಿ ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಪೂರ್ಣ ಹುಳುವಾಗಿ ಹೊರಬರುತ್ತದೆ; ಒಂದೊಂದು ಹೆಣ್ಣೂ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡುವುದರಿಂದ, ಮೂರು ತಿಂಗಳಲ್ಲಿ ಒಂದು ಮೂಟೆಯೇ ಹಾಳಾಗಬಲ್ಲದು. ಕಡಲೆ, ಹೆಸರು, ಅಲಸಂದೆ, ತೊಗರಿಗಳನ್ನು ತೂತುಮಾಡುವ ಕಾಳುದುಂಬಿಯ ಕಥೆ ಇದಕ್ಕಿಂತ ಹಿಂದಿನಿಂದ ಆರಂಭವಾಗುತ್ತದೆ, ಏಕೆಂದರೆ ಅದು ಹೊಲದಲ್ಲಿ ಕಾಯಿ ಬಲಿಯುವಾಗಲೇ ಮೊಟ್ಟೆಯಿಟ್ಟು ಕಾಳಿನ ಜೊತೆಯಲ್ಲಿ ಮನೆಗೆ ಬರುತ್ತದೆ. ಈ ದುಂಬಿಗೆ ಇಡಿಯ ಕಾಳೇ ಬೇಕಾದುದರಿಂದ ಒಡೆದ ಬೇಳೆ ಅದರ ಕಾಟದಿಂದ ಬಹುಮಟ್ಟಿಗೆ ಪಾರಾಗುತ್ತದೆ. ಬೇಸಿಗೆಗೆ ಮೊದಲೇ ತೊಗರಿಯನ್ನು ಒಡೆಸಿ ಬೇಳೆಯಾಗಿಸಿ ಇಡುವ ಉತ್ತರ ಕರ್ನಾಟಕದ ವಾಡಿಕೆಗೆ ಈ ಬಲವಾದ ಆಧಾರವಿದೆ.

ಬೂಷ್ಟಿನ ವಿಷಯದಲ್ಲಿ ಮಾತ್ರ ಯಾವ ಉಳಿತಾಯದ ಲೆಕ್ಕವೂ ಸಲ್ಲದು. ತೇವದಲ್ಲಿ ಇಟ್ಟ ಶೇಂಗಾ ಮತ್ತು ಮೆಕ್ಕೆಜೋಳಗಳ ಮೇಲೆ ಬೆಳೆಯುವ ಒಂದು ಜಾತಿಯ ಹಸಿರುಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಯಕೃತ್ತನ್ನು ಹಾಳುಮಾಡುವ, ದೀರ್ಘಕಾಲದಲ್ಲಿ ಕ್ಯಾನ್ಸರಿಗೂ ಕಾರಣವಾಗುವ ವಸ್ತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೇರೆ ಅನ್ನವಿಲ್ಲದ ಬಡವರೇ ಅದನ್ನು ಉಂಡವರು ಎಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ಈ ವಿಷವು ಮನೆಯ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ, ಒರೆಸಿ ತೊಳೆದರೂ ಪೂರ್ಣವಾಗಿ ಹೋಗುವುದಿಲ್ಲ. ಬೂಷ್ಟು ಹಿಡಿದ, ಬಣ್ಣ ಕೆಟ್ಟ, ಸುಕ್ಕಿದ, ಕಹಿಯಾದ ಶೇಂಗಾವನ್ನು ಎಸೆಯಬೇಕು. ಹಾಲು ಕರೆಯುವ ದನಕ್ಕೂ ಹಾಕಬಾರದು, ಏಕೆಂದರೆ ಆ ವಿಷದ ಒಂದಂಶ ಹಾಲಿನಲ್ಲಿ ಮರಳಿ ಬರುತ್ತದೆ.

ಇನ್ನು ಎಷ್ಟು ಬೇಕೆಂಬ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2000 ಕಿಲೋ ಕ್ಯಾಲೊರಿಯ ದಿನದ ಆಹಾರಕ್ಕೆ ಸೂಚಿಸುವ ಪ್ರಮಾಣ ಸುಮಾರು 250 ಗ್ರಾಂ ಏಕದಳ ಧಾನ್ಯ, 85 ಗ್ರಾಂ ಬೇಳೆಕಾಳು. ಉಳಿದದ್ದನ್ನು ತರಕಾರಿ, ಹಾಲು, ಹಣ್ಣು, ಎಣ್ಣೆಬೀಜಗಳು ತುಂಬಬೇಕು. ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಇದು 30 ಕಿಲೋ ಧಾನ್ಯ ಮತ್ತು 10 ಕಿಲೋ ಬೇಳೆಕಾಳು ಆಗುತ್ತದೆ. ಮೈಮುರಿದು ದುಡಿಯುವವರಿಗೂ, ತರಕಾರಿ ಹಾಲುಗಳು ವಿರಳವಾದ ಮನೆಗೂ ಧಾನ್ಯ ಇನ್ನೂ ಹೆಚ್ಚು ಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ ಧಾನ್ಯ ಸಲ್ಲುತ್ತದೆ. ಅದೇ ವರ್ಷದ ಜುಲೈನಲ್ಲಿ ಆರಂಭವಾದ ರಾಜ್ಯದ ಅನ್ನಭಾಗ್ಯ ಯೋಜನೆಯು ಕಾಲಕಾಲಕ್ಕೆ ಇದಕ್ಕೆ ತನ್ನ ಪಾಲನ್ನು ಸೇರಿಸಿದೆ. ಆದ್ದರಿಂದ ಪಡಿತರ ಕಾರ್ಡು ಇರುವ ಬಡ ಕುಟುಂಬಕ್ಕೆ ಧಾನ್ಯದ ಬಹುಪಾಲು ನ್ಯಾಯಬೆಲೆ ಅಂಗಡಿಯಿಂದಲೇ ಬರುತ್ತದೆ, ನಿಜವಾದ ಕೊರತೆ ಇರುವುದು ಬೇಳೆಕಾಳಿನಲ್ಲಿ. ಬೇಳೆಯೇ ದುಬಾರಿ ಪದಾರ್ಥ, ಅದೇ ಬೆಲೆಯಲ್ಲಿ ಹೆಚ್ಚು ಏರಿಳಿತ ಕಾಣುವಂಥದು, ಮಕ್ಕಳ ಬೆಳವಣಿಗೆಗೆ ಬೇಕಾದ ಪ್ರೋಟೀನು ಬರುವುದೂ ಅದರಿಂದಲೇ. ದಾಸ್ತಾನಿಗೆಂದು ತೆಗೆದಿಟ್ಟ ಮೊದಲ ರೂಪಾಯಿ ಹೋಗಬೇಕಾದದ್ದು ಅಕ್ಕಿಗಲ್ಲ, ಬೇಳೆಕಾಳಿಗೆ.

ಧಾನ್ಯಗಳಲ್ಲಿ ದಾಸ್ತಾನಿಗೆ ರಾಗಿಯಷ್ಟು ಒಗ್ಗುವುದು ಮತ್ತೊಂದಿಲ್ಲ. ಅದರ ಕಾಳು ಎಷ್ಟು ಚಿಕ್ಕದೆಂದರೆ ಮೂತಿಹುಳು ಅದರೊಳಗೆ ಮೊಟ್ಟೆಯಿಟ್ಟು ಮರಿಮಾಡುವಷ್ಟು ಜಾಗವಿಲ್ಲ. ಒಣಗಿದ ಇಡಿ ರಾಗಿ ವರ್ಷಗಳ ಕಾಲ ಬಾಳಿದರೂ, ಬೀಸಿದ ಹಿಟ್ಟಿಗೆ ಆ ಗುಣವಿಲ್ಲ. ಹಿಟ್ಟನ್ನು ಮೂರು ನಾಲ್ಕು ವಾರಕ್ಕೆ ಆಗುವಷ್ಟೇ ಬೀಸಿಸಿಕೊಳ್ಳುವುದು ಉತ್ತಮ. ಸಜ್ಜೆಯಲ್ಲಿ ಎಣ್ಣೆಯ ಅಂಶವೂ ಆ ಎಣ್ಣೆಯನ್ನು ಒಡೆಯುವ ಕಿಣ್ವವೂ ಹೆಚ್ಚಾಗಿರುವುದರಿಂದ ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ನವಣೆ, ಸಾಮೆ, ಆರಕಗಳು ಹೊಟ್ಟಿನ ಸಮೇತ ಇದ್ದಾಗ ಬಹುಕಾಲ ಇರುತ್ತವೆ, ಅಕ್ಕಿ ಮಾಡಿಸಿದ ಮೇಲೆ ಬೇಗ ಮುಗ್ಗುತ್ತವೆ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಹೆಚ್ಚು ಕಾಲ ಉಳಿಯುವುದಕ್ಕೂ, ತೌಡು ಉಳಿದ ಕೆಂಪಕ್ಕಿ ಬೇಗ ಕಮಟು ಹಿಡಿಯುವುದಕ್ಕೂ ತೌಡಿನ ಎಣ್ಣೆಯೇ ಕಾರಣ. ಪೋಷಕಾಂಶದಲ್ಲಿ ಮೇಲಾದದ್ದು ದಾಸ್ತಾನಿಗೆ ಮೇಲಾಗಿರಲೇಬೇಕೆಂಬ ನಿಯಮವಿಲ್ಲವಾದ್ದರಿಂದ ಕೆಂಪಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ತರುವುದು ಲೇಸು. ಬೇಳೆಕಾಳುಗಳಿಗೂ ಒಂದು ಮಿತಿಯಿದೆ. ಸೆಕೆ ಮತ್ತು ತೇವದ ಹವೆಯಲ್ಲಿ ವರ್ಷ ಮೀರಿ ಇಟ್ಟ ಕಾಳು ಹುಳು ಹಿಡಿಯದಿದ್ದರೂ ಗಡುಸಾಗಿ, ಎಷ್ಟು ಬೇಯಿಸಿದರೂ ಮಿದುವಾಗದ ಸ್ಥಿತಿಗೆ ಬರುತ್ತದೆ, ಆಗ ಬೇಳೆಯಲ್ಲಿ ಉಳಿಸಿದ ಹಣ ಗ್ಯಾಸಿಗೆ ಹೋಗುತ್ತದೆ. ಒಂದು ಸುಗ್ಗಿಯಿಂದ ಮತ್ತೊಂದು ಸುಗ್ಗಿಯವರೆಗೆ ಎಂಬುದೇ ಬೇಳೆಕಾಳಿಗೆ ಸರಿಯಾದ ಅವಧಿ.

ಹಣದ ಲೆಕ್ಕವು ಈ ಸುಗ್ಗಿಗಳ ಪಂಚಾಂಗವನ್ನು ಅನುಸರಿಸಬೇಕು. ಮುಂಗಾರಿನ ಹೆಸರು, ಉದ್ದು ಆಗಸ್ಟ್‌, ಸೆಪ್ಟೆಂಬರ್ ಸುಮಾರಿಗೆ ಮಾರುಕಟ್ಟೆಗೆ ಬರುತ್ತವೆ. ಶೇಂಗಾ ಅಕ್ಟೋಬರ್‌ನಿಂದ, ರಾಗಿ ನವೆಂಬರ್, ಡಿಸೆಂಬರ್‌ನಲ್ಲಿ. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಕಲಬುರಗಿಯ ತೊಗರಿ ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ. ಹಿಂಗಾರಿನ ಬಿಳಿಜೋಳ ಮತ್ತು ಕಡಲೆ ಫೆಬ್ರುವರಿ, ಮಾರ್ಚ್‌ನಲ್ಲಿ. ಹೊಸ ಹುಣಸೆಹಣ್ಣು ಮತ್ತು ಬ್ಯಾಡಗಿಯ ಮೆಣಸಿನಕಾಯಿ ಬೇಸಿಗೆಯ ಮೊದಲ ತಿಂಗಳುಗಳಲ್ಲಿ. ಹೊಸ ಬೆಳೆ ರಾಶಿ ರಾಶಿಯಾಗಿ ಬಂದು ಬೆಲೆ ಇಳಿಯುವ ಈ ವಾರಗಳಲ್ಲಿ ಕೈಯಲ್ಲಿ ಸ್ವಲ್ಪ ಹಣವಿರುವಂತೆ ನೋಡಿಕೊಳ್ಳುವುದೇ ಬಡ ಮನೆಯ ದಾಸ್ತಾನಿನ ಮುಖ್ಯ ಕೌಶಲ. ತಿಂಗಳಿಗೆ 5000 ರೂಪಾಯಿ ದಿನಸಿಗೆ ಖರ್ಚುಮಾಡುವ ಮನೆಯೊಂದು ಅದರ ಹತ್ತನೆಯ ಒಂದು ಪಾಲನ್ನು, ಎಂದರೆ 500 ರೂಪಾಯಿಯನ್ನು ದಾಸ್ತಾನಿಗೆಂದು ಬೇರೆ ಇಟ್ಟರೆ, ಹತ್ತು ತಿಂಗಳಲ್ಲಿ ಒಂದು ತಿಂಗಳ ದಿನಸಿ ಪೂರ್ಣವಾಗಿ ಮನೆಯಲ್ಲಿ ಉಳಿಯುತ್ತದೆ. ಅಷ್ಟೂ ಸಾಧ್ಯವಿಲ್ಲದವರಿಗೆ ಹಿಡಿಯಕ್ಕಿಯ ಹಳೆಯ ಪದ್ಧತಿ ಇದ್ದೇ ಇದೆ. ದಿನವೂ ಅಡುಗೆಗೆ ಅಳೆದ ಅಕ್ಕಿ ಅಥವಾ ರಾಗಿಯಿಂದ ಐವತ್ತು ಗ್ರಾಂ ತೂಗುವ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತ ಬಂದರೆ ವರ್ಷಕ್ಕೆ 18 ಕಿಲೋ ದಾಟುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಮಠಗಳ ಪ್ರಸಾದನಿಲಯಗಳು, ಉಚಿತ ವಿದ್ಯಾರ್ಥಿನಿಲಯಗಳು ಮನೆಮನೆಯಿಂದ ಬಂದ ಇಂಥ ಹಿಡಿ ಧಾನ್ಯದಿಂದ ನಡೆದಿವೆ. ಸಾವಿರಾರು ವಿದ್ಯಾರ್ಥಿಗಳನ್ನು ಓದಿಸಿದ ಪದ್ಧತಿ ಒಂದು ಮನೆಯ ಕಷ್ಟದ ವಾರವನ್ನು ನೀಗಿಸಲಾರದೆ ಇರದು.

ಸಾಲ ಮಾಡಿ ದಾಸ್ತಾನು ಕೂಡಿಸುವುದು ಮಾತ್ರ ಸಲ್ಲದು. ಬಡ್ಡಿಯು ಸುಗ್ಗಿಯ ಬೆಲೆಯ ಲಾಭವನ್ನೆಲ್ಲ ತಿಂದುಹಾಕುತ್ತದೆ. ಮನೆಯವರು ಉಣ್ಣದ ಪದಾರ್ಥವನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ತಂದು ತುಂಬುವುದೂ ಹಾಗೆಯೇ, ಅದು ಕೊನೆಗೆ ಕೋಳಿಯ ಪಾಲಾಗುತ್ತದೆ. ಮೊದಲು ಮೂರು ದಿನದ್ದು, ಆಮೇಲೆ ಹದಿನೈದು ದಿನದ್ದು, ಆಮೇಲೆ ತಿಂಗಳಿನದು ಎಂಬ ಕ್ರಮದಲ್ಲಿ, ದಿನವೂ ಉಣ್ಣುವುದನ್ನೇ ಸ್ವಲ್ಪ ಹೆಚ್ಚು ಕೊಳ್ಳುತ್ತ ಹೋಗುವುದು ನಿಧಾನವಾದರೂ ನಿಶ್ಚಿತವಾದ ದಾರಿ.

ಪಾತ್ರೆಗಳಿಗಾಗಿ ಹೆಚ್ಚು ಹಣ ಸುರಿಯಬೇಕಿಲ್ಲ. ಹೋಟೆಲು, ಬೇಕರಿಗಳಲ್ಲಿ ಖಾಲಿಯಾದ ಎಣ್ಣೆಯ ತಗಡಿನ ಡಬ್ಬಗಳು ಅಗ್ಗದಲ್ಲಿ ಸಿಗುತ್ತವೆ. ಅವನ್ನು ಸೀಗೆಪುಡಿ ಅಥವಾ ಸೋಪಿನ ಬಿಸಿನೀರಿನಲ್ಲಿ ತೊಳೆದು, ಎರಡು ಬಿಸಿಲು ಒಣಗಿಸಿ, ಅಂಚು ಕತ್ತರಿಸಿ ಮುಚ್ಚಳ ಮಾಡಿಸಿಕೊಂಡರೆ ಒಂದೊಂದರಲ್ಲೂ ಸುಮಾರು 12 ಕಿಲೋ ಧಾನ್ಯ ಹಿಡಿಯುತ್ತದೆ. ಕೀಟನಾಶಕ, ಬಣ್ಣ, ರಾಸಾಯನಿಕಗಳಿದ್ದ ಡ್ರಮ್ಮುಗಳನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು. ಗೋಣಿಚೀಲದಲ್ಲಿ ಇಡುವವರು ಚೀಲದ ಹೊಲಿಗೆಗಳಲ್ಲಿ ಹಿಂದಿನ ವರ್ಷದ ಹುಳುವೂ ಮೊಟ್ಟೆಯೂ ಅಡಗಿರುತ್ತವೆಂಬುದನ್ನು ಮರೆಯದೆ, ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ ಬಳಸಬೇಕು. ನೆಲದ ತೇವ ಏರದಂತೆ ಕೆಳಗೆ ಹಲಗೆಯಿಟ್ಟು, ಗೋಡೆಯಿಂದ ಒಂದು ಮೊಳ ದೂರದಲ್ಲಿ ಒಟ್ಟಬೇಕು. ಹೊಳೆದಂಡೆಯ ಊರುಗಳಲ್ಲಿ ದಾಸ್ತಾನಿನ ಜಾಗ ಅಟ್ಟವೇ.

ಹುಳುವನ್ನು ತಡೆಯಲು ಮನೆಗಳಲ್ಲಿ ನಡೆದುಬಂದಿರುವ ಉಪಾಯಗಳೆಲ್ಲ ಒಂದೇ ಮಟ್ಟದವಲ್ಲ. ಕಿಲೋ ಕಾಳಿಗೆ 5ರಿಂದ 10 ಮಿಲಿಲೀಟರ್ ಹರಳೆಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸವರಿ ಇಡುವುದು ನಿಜಕ್ಕೂ ಫಲ ಕೊಡುವ ಕ್ರಮ. ಎಣ್ಣೆಯ ತೆಳುಪದರವು ಕಾಳಿನ ಮೇಲಿರುವ ಮೊಟ್ಟೆಯ ಉಸಿರಾಟವನ್ನು ತಡೆದು ಅದನ್ನು ಕೊಲ್ಲುತ್ತದೆ, ನುಣುಪಾದ ಕಾಳಿನ ಮೇಲೆ ದುಂಬಿ ಹೊಸದಾಗಿ ಮೊಟ್ಟೆಯಿಡಲೂ ಹಿಂಜರಿಯುತ್ತದೆ. ತೊಗರಿಕಾಳಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿನೊಡನೆ ಜರಡಿಯಾಡಿದ ಬೂದಿ ಬೆರೆಸುವುದು, ಇವೂ ಬೆಂಬಲಕ್ಕೆ ಅರ್ಹವಾದವು, ಏಕೆಂದರೆ ನಯವಾದ ಧೂಳು ಹುಳುವಿನ ಮೈಮೇಲಿನ ಮೇಣದ ಪೊರೆಯನ್ನು ಉಜ್ಜಿ ಕಿತ್ತು, ಅದರ ಮೈಯ ನೀರು ಆರಿಹೋಗುವಂತೆ ಮಾಡುತ್ತದೆ. ಬೇವಿನ ಮತ್ತು ಲಕ್ಕಿಯ ಎಲೆಗಳು ಹೊರಗಿನ ಹುಳುವನ್ನು ದೂರವಿಡುವುದರಲ್ಲಿ ನೆರವಾಗುತ್ತವೆ, ಆದರೆ ಕಾಳಿನೊಳಗೆ ಈಗಾಗಲೇ ಇರುವ ಮರಿಯನ್ನು ಅವು ಕೊಲ್ಲಲಾರವು. ಹಸಿ ಎಲೆ ಹಾಕಿದರೆ ತೇವವೂ ಸೇರುತ್ತದೆ. ಫ್ರಿಜ್ ಇರುವ ಮನೆಯವರು ಒಂದೆರಡು ಕಿಲೋ ಕಾಳನ್ನು ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದ ಮೇಲೆ ಕಟ್ಟು ಬಿಚ್ಚದೆ ಸಹಜ ಬಿಸಿಗೆ ಬರಲು ಬಿಟ್ಟು, ಆಮೇಲೆ ಡಬ್ಬಕ್ಕೆ ಸೇರಿಸಿದರೆ ಮೊಟ್ಟೆ ಮರಿಗಳೆಲ್ಲ ನಾಶವಾಗುತ್ತವೆ.

ಗೋದಾಮುಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನೆಯ ಧಾನ್ಯಕ್ಕೆ ಹಾಕುವುದು ಎಂಥ ಸಂದರ್ಭದಲ್ಲಿಯೂ ಕೂಡದು. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಹುಳುವನ್ನು ಕೊಲ್ಲುವ ಆ ಅನಿಲ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ ಮಕ್ಕಳನ್ನೂ ಕೊಲ್ಲುತ್ತದೆ, ಇಂಥ ಸಾವುಗಳು ನಡೆದಿವೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ರೂಢಿಯೂ ತ್ಯಾಜ್ಯವೇ, ಏಕೆಂದರೆ ಅದು ಆಹಾರಕ್ಕೆ ಸೇರಿಸಲು ಅನುಮತಿಯಿಲ್ಲದ ವಿಷವಸ್ತು.

ವಿಷವಿಲ್ಲದೆ ಹುಳುವನ್ನು ತಡೆಯುವ ಹೊಸ ಸಾಧನವೊಂದು ಹಗೇವಿನ ತತ್ವವನ್ನೇ ಆಶ್ರಯಿಸಿದೆ. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಅಲಸಂದೆ ಬೆಳೆಯುವ ಸಣ್ಣ ರೈತರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಮೂರು ಪದರದ ಚೀಲದಲ್ಲಿ, ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರಗಳೂ ಹೊರಗೆ ಒಂದು ಹೆಣೆದ ಚೀಲವೂ ಇರುತ್ತವೆ. ಒಂದೊಂದು ಪದರದ ಬಾಯನ್ನೂ ತಿರುಚಿ ಬೇರೆ ಬೇರೆಯಾಗಿ ಬಿಗಿದರೆ, ಒಳಗಿರುವ ಹುಳುಗಳೇ ಆಮ್ಲಜನಕವನ್ನು ಖರ್ಚುಮಾಡಿ ತಾವೇ ಸಾಯುತ್ತವೆ. ಅಂಥ ಚೀಲ ಸಿಗದ ಕಡೆ, ಮುಚ್ಚಳಕ್ಕೆ ರಬ್ಬರಿನ ಬಳೆಯಿರುವ ಗಟ್ಟಿ ಡಬ್ಬವನ್ನು ಕಂಠದವರೆಗೆ ತುಂಬಿ, ಗಾಳಿಗೆ ಜಾಗವೇ ಇಲ್ಲದಂತೆ ಮುಚ್ಚಿ, ಒಂದೆರಡು ತಿಂಗಳು ತೆರೆಯದೆ ಇಟ್ಟರೂ ಫಲ ಅದೇ. ದಿನವೂ ತೆರೆಯುವ ಡಬ್ಬಕ್ಕೆ ಈ ಗುಣ ಬರುವುದಿಲ್ಲವಾದುದರಿಂದ, ದಿನಬಳಕೆಗೆ ಒಂದು ಸಣ್ಣ ಡಬ್ಬ, ಮುಚ್ಚಿಡಲು ಬೇರೆ ಡಬ್ಬಗಳು ಎಂಬ ವಿಂಗಡಣೆ ಬೇಕು. ಪ್ರತಿಯೊಂದರ ಮೇಲೂ ತುಂಬಿದ ತಿಂಗಳನ್ನು ಬರೆದಿಟ್ಟು, ಮೊದಲು ತುಂಬಿದ್ದನ್ನು ಮೊದಲು ಬಳಸಬೇಕು. ಹೊಸ ಕಾಳನ್ನು ಹಳೆಯದರ ಮೇಲೆ ಸುರಿದರೆ ತಳದ ಹುಳು ಮೇಲೇರಿ ಎಲ್ಲವನ್ನೂ ಕೆಡಿಸುತ್ತದೆ.

ಉಳಿದ ಪದಾರ್ಥಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಅಯೋಡಿನ್ ಉಪ್ಪನ್ನು ತೇವ ತಾಗದಂತೆ ಮುಚ್ಚಿಡಬೇಕು, ಇಲ್ಲವಾದರೆ ಅಯೋಡಿನ್ ಕ್ರಮೇಣ ನಷ್ಟವಾಗುತ್ತದೆ. ಹುಣಸೆಹಣ್ಣನ್ನು ಬೀಜ, ನಾರು ತೆಗೆದು ಉಪ್ಪು ಬೆರೆಸಿ ಉಂಡೆಗಟ್ಟಿ ಜಾಡಿಗೆ ತುಂಬಿದರೆ ಎರಡು ವರ್ಷವೂ ಇರುತ್ತದೆ. ಬೆಲ್ಲ ಮಳೆಗಾಲದಲ್ಲಿ ನೀರೆಳೆದು ಕರಗುವುದರಿಂದ ಮುಂಗಾರಿಗೆ ಮೊದಲೇ ಗಾಳಿಯಾಡದ ಡಬ್ಬ ಸೇರಬೇಕು. ಎಣ್ಣೆಗೆ ಬೆಳಕೂ ಬಿಸಿಯೂ ಶತ್ರುಗಳಾದುದರಿಂದ ಒಲೆಯ ಪಕ್ಕದ ಗೂಡು ಅದಕ್ಕೆ ತಕ್ಕ ಸ್ಥಳವಲ್ಲ, ಎರಡು ಮೂರು ತಿಂಗಳಿಗಿಂತ ಹೆಚ್ಚಿನ ಎಣ್ಣೆಯನ್ನು ಕೂಡಿಸುವುದೂ ಬೇಡ. ತಿಂಗಳುಗಟ್ಟಲೆ ಮಳೆ ಹಿಡಿಯುವ ಮಲೆನಾಡು, ಕರಾವಳಿಗಳ ಮನೆಗಳು ಬೇಸಿಗೆಯಲ್ಲಿಯೇ ಹಲಸಿನ ಹಪ್ಪಳ, ಅಕ್ಕಿಯ ಸಂಡಿಗೆ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಮಾವಿನ ಮಿಡಿ, ಒಣಗಿಸಿದ ಮುರುಗಲು ಸಿಪ್ಪೆ, ಒಣಮೀನುಗಳನ್ನು ಸಿದ್ಧಮಾಡಿಕೊಳ್ಳುವ ಪದ್ಧತಿ, ತರಕಾರಿ ಬೆಲೆ ಗಗನಕ್ಕೇರುವ ತಿಂಗಳುಗಳಿಗೆ ಹಣವಿಲ್ಲದೆ ಕಟ್ಟಿದ ಭದ್ರತೆ. ಹಿತ್ತಿಲಲ್ಲಿ ಪುಕ್ಕಟೆಯಾಗಿ ಸಿಗುವುದು, ಉಪ್ಪು, ಬಿಸಿಲು, ಇಷ್ಟರಿಂದಲೇ ಅದು ಸಾಧ್ಯವಾಗುತ್ತದೆ. ಈ ದುಡಿಮೆಯೆಲ್ಲ ಈವರೆಗೆ ಹೆಂಗಸರ ಪಾಲಿಗೇ ಬಂದಿದೆ ಎಂಬುದನ್ನೂ ಹೇಳಲೇಬೇಕು. ಮೂಟೆ ಎತ್ತುವುದು, ಒಣಗಿಸುವುದು, ಡಬ್ಬ ತೊಳೆಯುವುದು ಇವುಗಳಲ್ಲಿ ಮನೆಯ ಗಂಡಸರು ಕೈಜೋಡಿಸದಿದ್ದರೆ ದಾಸ್ತಾನು ಮತ್ತೊಂದು ಹೊರೆಯಾಗಿ, ಹೊರಗೂ ದುಡಿಯುವ ಗೃಹಿಣಿಯ ಮೇಲೆ ಬೀಳುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಹತ್ತಡಿ ಉದ್ದಗಲದ ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವ ಕುಟುಂಬಕ್ಕೆ ಇಷ್ಟನ್ನು ಇಡಲು ಜಾಗವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದು. ಮಂಚದ ಕೆಳಗೆ ಮೂರು ಎಣ್ಣೆ ಡಬ್ಬ ಹಿಡಿಯುತ್ತವೆ, ಅವುಗಳಲ್ಲಿ ಮೂವತ್ತೈದು ಕಿಲೋ ಧಾನ್ಯ, ಬೇಳೆ ಅಡಗುತ್ತದೆ, ಮೊದಲ ಗುರಿಗೆ ಅಷ್ಟು ಸಾಕು. ಅದಕ್ಕಿಂತ ಮುಂದೆ ಹೋಗಬೇಕಾದರೆ ಒಟ್ಟುಗೂಡಿಯೇ ಹೋಗಬೇಕು. ಐದಾರು ಮನೆಯವರು ಹಬ್ಬದ ಚೀಟಿ ಕಟ್ಟುವ ಹಾಗೆಯೇ ತೊಗರಿಯ ಚೀಟಿ ಕಟ್ಟಿ, ಜನವರಿಯಲ್ಲಿ ಎಪಿಎಂಸಿಯಿಂದ 50 ಕಿಲೋ ಚೀಲವನ್ನು ತಂದು ಹಂಚಿಕೊಳ್ಳಬಹುದು. 2000–01ರಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಡಿ ರಚಿತವಾದ ಸ್ವಸಹಾಯ ಸಂಘಗಳಲ್ಲಿ ವಾರದ ಉಳಿತಾಯ, ಲೆಕ್ಕದ ಪುಸ್ತಕ, ಪರಸ್ಪರ ನಂಬಿಕೆ ಆಗಲೇ ಇರುವುದರಿಂದ ಅವು ಇದಕ್ಕೆ ಸಿದ್ಧ ನೆಲೆಗಳು. ಬೀದರಿಗೆ ಹೊಂದಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರ ಸಂಘಗಳು 1990ರ ದಶಕದಲ್ಲಿ ಪಾಳುಬಿದ್ದ ಹೊಲಗಳಲ್ಲಿ ಜೋಳ ಬೆಳೆಸಿ, ಬೆಳೆದವರಿಂದ ಒಂದು ಪಾಲನ್ನು ಸಂಘದ ಧಾನ್ಯನಿಧಿಗೆ ಪಡೆದು, ಊರಿನಲ್ಲಿಯೇ ಕೂಡಿಟ್ಟು, ಮಳೆಗಾಲದ ಕೊರತೆಯ ತಿಂಗಳುಗಳಲ್ಲಿ ಬಡ ಕುಟುಂಬಗಳಿಗೆ ಅಗ್ಗದ ಬೆಲೆಗೆ ಹಂಚಿದವು. ಯಾರು ಹೆಚ್ಚು ಬಡವರೆಂಬುದನ್ನು ಊರಿನವರೇ ಒಟ್ಟಿಗೆ ಕುಳಿತು ತೀರ್ಮಾನಿಸಿದರು. ಗುತ್ತಿಗೆದಾರರ ಗೋದಾಮೂ ಇಲ್ಲದೆ, ಲಾರಿಯ ಬಾಡಿಗೆಯೂ ಇಲ್ಲದೆ, ಧಾನ್ಯವು ಬೆಳೆದ ಹೊಲದಿಂದ ಉಣ್ಣುವ ಮನೆಗೆ ಒಂದೇ ಊರಿನ ಎಲ್ಲೆಯೊಳಗೆ ತಲುಪಿತು. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ತೊಗರಿ, ಜೋಳದ ಊರುಗಳಲ್ಲಿ, ಸುಗ್ಗಿ ಮುಗಿದೊಡನೆ ಕುಟುಂಬಗಳು ದುಡಿಮೆಗಾಗಿ ದೂರದ ನಗರಗಳಿಗೆ ಗುಳೆ ಹೊರಡುವ ಮುನ್ನ, ಸಂಘದ ಕೋಣೆಯಲ್ಲಿ ತಮ್ಮ ಹೆಸರಿನಲ್ಲಿ ಒಂದೊಂದು ಚೀಲ ಇಟ್ಟುಹೋಗುವಂತೆ ಆಗಬೇಕು. ಮನೆಯಲ್ಲಿ ಉಳಿಯುವ ಮುದುಕರೂ ಮಕ್ಕಳೂ ಆ ಚೀಲದಿಂದ ವಾರವಾರವೂ ಅಳೆಸಿಕೊಂಡು ಉಣ್ಣಬಹುದು.